ಮುಳಬಾಗಿಲಿನಲ್ಲಿ ಕೊಟ್ಟ ಅಡ್ವಾನ್ಸು

ಆಸ್ಪತ್ರೆಯಿಂದ ಮನೆಗೆ ಬಂದು ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನನ್ನ ಹೆಂಡತಿ ತಾನಾಗಿಯೇ, "ಇವತ್ತು ಆಟೋದಲ್ಲಿ ಕೂತು ನೋಡ್ತೀನಿ ಕಣ್ರೀ" ಎಂದಳು. ನನಗಾದ ಸಂತೋಷಕ್ಕೆ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ರಸ್ತೆಗೆ ಓಡಿ ಆಟೋ ಕರೆತಂದೆ. ಅವಳು ಊರುಗೋಲನ್ನು ಮೊದಲು ಒಳಗಿಟ್ಟು, ಕಂಬಿ ಹಿಡಿದು ನಿಧಾನವಾಗಿ ಹತ್ತಿದಳು. ಕೋಲಾರದ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬರುವುದು, ಅಷ್ಟೇ. ಬಡಾವಣೆಯ ತಿರುವು ದಾಟಿ ದೊಡ್ಡ ರಸ್ತೆಗೆ ಬಂದ ಕೂಡಲೇ ಟೊಮೇಟೊ ಕ್ರೇಟು ತುಂಬಿದ ಲಾರಿಯೊಂದು ನಮ್ಮ ಪಕ್ಕದಲ್ಲೇ ಹಾದುಹೋಯಿತು. ಅವಳು ನನ್ನ ತೋಳಿಗೆ ಉಗುರು ಊರುವ ಹಾಗೆ ಹಿಡಿದುಕೊಂಡು, "ನಿಲ್ಸಕ್ಕೆ ಹೇಳ್ರೀ, ನಿಲ್ಸಕ್ಕೆ ಹೇಳ್ರೀ" ಎಂದು ಕೂಗಿದಳು. ಆಟೋದವನು ಗಾಬರಿಯಾಗಿ ಪಕ್ಕಕ್ಕೆ ಹಾಕಿದ. ಇಳಿದವಳೇ ಮನೆಯ ಕಡೆಗೆ ನಡೆಯತೊಡಗಿದಳು. ನಾನು ಹಣ ಕೊಟ್ಟು ಬರಿಗಾಲಿನಲ್ಲಿ ಅವಳ ಹಿಂದೆ ನಡೆದೆ.

ಅವಳನ್ನು ಬೀಳಿಸಿದವನು ನಾನೇ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಹುತ್ತೂರಿನಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಅವಳು ಟೀಚರ್. ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಹನ್ನೊಂದು ವರ್ಷ ಅದೇ ಶಾಲೆಯಲ್ಲಿ ಕಳೆದಿದ್ದಳು. ನಾನು ವೇಮಗಲ್ಲಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ನನಗೆ ಎರಡನೇ ಶಿಫ್ಟ್ ಇದ್ದ ವಾರಗಳಲ್ಲಿ ಬೆಳಿಗ್ಗೆ ಸ್ಕೂಟರಿನಲ್ಲಿ ಅವಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದೆ. ದೀಪಾವಳಿ ಕಳೆದ ಮುಂದಿನ ವಾರ, ಹುತ್ತೂರು ರಸ್ತೆಯಲ್ಲಿ, ಹಿಂದೆ ಕೂತಿದ್ದ ಅವಳು ಏನೋ ಕೇಳಿದಳು. ಗಾಳಿಗೆ ಕೇಳಿಸಲಿಲ್ಲ. "ಏನಂದೆ?" ಎಂದು ಕತ್ತು ತಿರುಗಿಸಿದೆ. ಹಿಂದಿನ ದಿನವಷ್ಟೇ ರಸ್ತೆಗೆ ಅಡ್ಡಲಾಗಿ ಹಾಕಿದ್ದ ಹಂಪು, ಇನ್ನೂ ಬಣ್ಣ ಬಳಿದಿರಲಿಲ್ಲ. ನನಗೆ ಮೊಣಕೈ ತರಚಿತು. ಅವಳ ಎಡತೊಡೆಯ ಮೂಳೆ ಎರಡು ಕಡೆ ಮುರಿಯಿತು.

ಮೂಳೆ ಕೂಡಿಕೊಂಡಿತು, ಒಳಗೆ ರಾಡು ಹಾಕಿದ್ದರು. ಭಯ ಮಾತ್ರ ಹೋಗಲಿಲ್ಲ. ಸ್ಕೂಟರಿನ ಮಾತೇ ಬೇಡ, ಆಟೋದ ಕಥೆ ಹೀಗಾಯಿತು, ಶಾಲೆಯ ಹಳ್ಳಿಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಆದರೆ ಚೆಕಪ್ಪಿಗೆ ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋದಾಗೆಲ್ಲ ಅವಳು ನೆಮ್ಮದಿಯಾಗಿರುತ್ತಿದ್ದಳು. ಆ ಡ್ರೈವರು ವಯಸ್ಸಾದವನು, ಎತ್ತಿನ ಗಾಡಿಯ ಹಾಗೆ ಓಡಿಸುತ್ತಿದ್ದ. ಗಾಜು ಏರಿಸಿಕೊಂಡು, ಸೀಟಿಗೆ ಒರಗಿ ಒಂದೊಂದು ಸಲ ನಿದ್ದೆಯನ್ನೂ ಮಾಡಿಬಿಡುತ್ತಿದ್ದಳು. ನಾಲ್ಕು ಬಾಗಿಲು ಮುಚ್ಚಿಕೊಂಡರೆ ಅವಳಿಗೆ ಧೈರ್ಯ ಎಂಬುದು ನನಗೆ ಅರ್ಥವಾಗಿತ್ತು. ರಜೆಯೆಲ್ಲ ಮುಗಿಯುತ್ತಾ ಬಂದಿತ್ತು. ಕಚೇರಿಯಲ್ಲಿ ಕೇಳಿದಾಗ ಅಧಿಕಾರಿ ಮರುಕದಿಂದಲೇ ಹೇಳಿದ್ದರು: "ಶಾಲೆ ಶುರುವಾಗೋ ದಿನ ಮೇಡಂ ಜಾಯಿನ್ ಆಗ್ಲೇಬೇಕು ಸಾರ್. ಇನ್ನು ರಜೆ ಮುಂದುವರಿಸೋಕೆ ನಮ್ಮ ಕೈಲಿ ಆಗಲ್ಲ." ನಮಗೆ ಮಕ್ಕಳಿಲ್ಲ. ಆ ಶಾಲೆ ಅವಳಿಗೆ ಏನು ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ನಲವತ್ತೆಂಟನೇ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲು ಸೇರಿ ಕಾರು ಕಲಿತೆ. ಶಿಫ್ಟ್ ಮುಗಿಸಿ ಬಂದು ಕಾಲೇಜು ಹುಡುಗರ ಜೊತೆ ಸಾಲಿನಲ್ಲಿ ನಿಲ್ಲುತ್ತಿದ್ದೆ. ಹೊಸ ಕಾರಿನ ಯೋಗ್ಯತೆ ನಮಗಿರಲಿಲ್ಲ, ಆಸ್ಪತ್ರೆಗೆ ಸುರಿದ ಮೇಲೆ ಬ್ಯಾಂಕಿನಲ್ಲಿ ಉಳಿದಿದ್ದದ್ದು ಐವತ್ತೆಂಟು ಸಾವಿರ. ಕಾರ್ಖಾನೆಯ ನೌಕರರ ಸೊಸೈಟಿಯಲ್ಲಿ ಹಳೇ ಕಾರಿಗೂ ಸಾಲ ಕೊಡುತ್ತಿದ್ದರು. ಗಾಡಿ ಗೊತ್ತು ಮಾಡಿ, ನಮ್ಮ ಪಾಲು ಮೊದಲು ಕಟ್ಟಿ ರಸೀದಿ ತಂದರೆ ಮಿಕ್ಕಿದ್ದಕ್ಕೆ ಸಾಲ. ಮಾಲೂರಿನಲ್ಲಿ ಒಂದು ಕೆಂಪು ಕಾರು ನೋಡಿದೆವು, ಕಾಲಡಿಯ ಮ್ಯಾಟು ಎತ್ತಿದರೆ ತಗಡು ತುಕ್ಕು ಹಿಡಿದು ನೆಲ ಕಾಣುತ್ತಿತ್ತು. ಕೋಲಾರದಲ್ಲಿ ನೋಡಿದ್ದೆಲ್ಲ ನಮ್ಮ ಕೈಗೆ ಎಟುಕಲಿಲ್ಲ. ಏಪ್ರಿಲಿನಲ್ಲಿ ಕಾರ್ಖಾನೆಯ ಸ್ನೇಹಿತರೊಬ್ಬರು ಮುಳಬಾಗಿಲಿನ ಹೈವೇ ಪಕ್ಕದ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಯ ವಿಷಯ ಹೇಳಿದರು. ಭಾನುವಾರ ಅದೇ ವಯಸ್ಸಾದ ಡ್ರೈವರಿನ ಕಾರು ಮಾಡಿಕೊಂಡು ಇಬ್ಬರೂ ಹೋದೆವು.

ಶೀಟು ಹೊದಿಸಿದ ಚಪ್ಪರದ ಕೆಳಗೆ ಹತ್ತು ಹನ್ನೆರಡು ಕಾರುಗಳು ನಿಂತಿದ್ದವು. ಅಂಗಡಿಯವನು ನಲವತ್ತರ ಆಸುಪಾಸಿನವನು, ಫೋನಿನಲ್ಲಿ ತೆಲುಗು, ನಮ್ಮ ಹತ್ತಿರ ಕನ್ನಡ, ತೊಳೆಯುವವನ ಹತ್ತಿರ ಉರ್ದು. ನನ್ನ ಹೆಂಡತಿಯ ಊರುಗೋಲು ನೋಡಿದ ಕೂಡಲೇ ಎದ್ದು ಬಂದು ಕುರ್ಚಿ ಹಾಕಿ, "ಕೂತ್ಕೊಳ್ಳಕ್ಕಾ, ನೀವು ಓಡಾಡ್ಬೇಡಿ, ಗಾಡೀನೇ ನಿಮ್ಮ ಹತ್ರ ತರ್ಸ್ತೀನಿ" ಎಂದ. ಅವನು ತರಿಸಿದ್ದು ಒಂದು ಬಿಳಿಯ ಸಣ್ಣ ಕಾರು, ಏಳು ವರ್ಷ ಹಳೆಯದು. ಎರಡು ಲಕ್ಷ ನಲವತ್ತು ಸಾವಿರ ಹೇಳಿದ.

ಅವಳು ಮುಂದಿನ ಸೀಟಿನಲ್ಲಿ ಕೂತಳು. ಕಾಲು ಚಾಚಿ ನೋಡಿದಳು. ಊರುಗೋಲನ್ನು ಬಾಗಿಲಿನ ಪಕ್ಕಕ್ಕೆ ಒರಗಿಸಿ ಇಟ್ಟು ನೋಡಿದಳು. ಗೇರಿನ ಹಿಂದಿದ್ದ ಗುಳಿಯನ್ನು ಬೆರಳಿನಿಂದ ಅಳೆದು, "ಇಲ್ಲಿ ಟಿಫನ್ ಡಬ್ಬಿ ಕೂರುತ್ತೆ" ಎಂದಳು. ನಾನು ಸರ್ವೀಸ್ ರಸ್ತೆಯಲ್ಲಿ ನಿಧಾನವಾಗಿ ಓಡಿಸಿದೆ. ಪಕ್ಕದ ಹೈವೇಯಲ್ಲಿ ಲಾರಿಗಳು ಹೋಗುತ್ತಿದ್ದವು. ನಾನು ಓರೆಗಣ್ಣಿನಲ್ಲಿ ಅವಳ ಕೈ ನೋಡುತ್ತಿದ್ದೆ. ಕೈ ತೊಡೆಯ ಮೇಲೆ ಸುಮ್ಮನೆ ಇತ್ತು. ಒಂದು ಕಿಲೋಮೀಟರು ಹೋಗಿ ತಿರುಗಿಸಲು ನೋಡಿದಾಗ ಅವಳು, "ಇನ್ನೊಂಚೂರು ದೂರ ಹೋಗ್ರೀ" ಎಂದಳು.

ಐದು ತಿಂಗಳಿಂದ ಅವಳು ಆ ಮಾತು ಆಡಿರಲಿಲ್ಲ. ಆ ಗಳಿಗೆಯಲ್ಲಿ ಅಂಗಡಿಯವನು ನನ್ನ ಎರಡು ಕಿಡ್ನಿಯಲ್ಲಿ ಒಂದನ್ನು ಕೇಳಿದ್ದರೂ ಬರೆದುಕೊಡುತ್ತಿದ್ದೆ.

ಅವನು ಕೇಳಿದ್ದು ಐವತ್ತು ಸಾವಿರ ಅಡ್ವಾನ್ಸು. "ನಾಳೆ ಬೆಳಿಗ್ಗೆ ಇನ್ನೊಂದು ಪಾರ್ಟಿ ನೋಡಕ್ಕೆ ಬರ್ತೈತೆ ಸಾರ್. ಐದೋ ಹತ್ತೋ ಇಟ್ಕೊಂಡು ಹಿಡ್ಕೊಳ್ಳಕ್ಕೆ ನನ್ನ ಕೈಲಾಗಲ್ಲ. ಗಾಡಿ ನಂದಲ್ಲ, ಶ್ರೀನಿವಾಸಪುರದೋರ್ದು, ಮಾರಿಕೊಡಕ್ಕೆ ನನ್ನ ಹತ್ರ ಬಿಟ್ಟವ್ರೆ. ಫೈನಾನ್ಸ್ ಬಾಕಿ ಇಪ್ಪತ್ತು ಸಾವಿರ ಐತೆ. ಅದನ್ನ ಕಟ್ಟಿಬಿಟ್ರೆ ಸಾಲ ತೀರ್ತು ಅಂತ ಎನ್‌ಒಸಿ ಕೈಗೆ ಬರುತ್ತೆ, ಹದಿನೈದು ದಿನಕ್ಕೆ ಗಾಡಿ ನಿಮ್ಮ ಹೆಸ್ರಿಗೆ."

ಗುಲಾಬಿ ಬಣ್ಣದ ಚೀಟಿಯಲ್ಲಿ ರಸೀದಿ ಬರೆದುಕೊಟ್ಟ. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ, ಗಿರಾಕಿಯ ಕಡೆಯಿಂದ ರದ್ದಾದರೆ ಮುಂಗಡ ಹಿಂದಿರುಗಿಸಲಾಗುವುದಿಲ್ಲ ಎಂದು ಅಚ್ಚಾಗಿತ್ತು. ನಾನು ಓದಲಿಲ್ಲ ಎಂದು ಹೇಳಿಕೊಳ್ಳುವಂತಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವುದೇ ನನ್ನ ಕೆಲಸ. ಓದಿದೆ. ನಾವ್ಯಾಕೆ ರದ್ದು ಮಾಡುತ್ತೇವೆ ಅಂದುಕೊಂಡೆ.

ಆ ಹದಿನೈದು ದಿನ ನಮ್ಮ ಮನೆಯಲ್ಲಿ ಮತ್ತೆ ಜೀವ ಬಂದಂತಿತ್ತು. ಅವಳು ಬೀರುವಿನಿಂದ ಶಾಲೆಗೆ ಉಡುವ ಸೀರೆಗಳನ್ನು ತೆಗೆದು ಇಸ್ತ್ರಿಗೆ ಕೊಟ್ಟಳು. ಒಂದನೇ ತರಗತಿಗೆ ಹೊಸ ಅಕ್ಷರಗಳ ಪಟ ಬರೆಯುತ್ತಾ ಕೂತಳು. ಬೆಳಿಗ್ಗೆ ಎಂಟೂವರೆಗೆ ಗೇಟಿನವರೆಗೆ ನಡೆದು ಹೋಗಿ, ಅಲ್ಲಿ ಎರಡು ನಿಮಿಷ ನಿಂತು ವಾಪಸ್ ಬರುವುದನ್ನು ಅಭ್ಯಾಸ ಮಾಡಿಕೊಂಡಳು. ಪಕ್ಕದ ಮನೆಯಾಕೆ ಕೇಳಿದರೆ, "ಕಾರು ಬರ್ತಾ ಇದೆ, ಹತ್ತಿ ಇಳಿಯೋಕೆ ಕಾಲಿಗೆ ಶಕ್ತಿ ಬೇಕಲ್ವಾ" ಎನ್ನುತ್ತಿದ್ದಳು.

ಹದಿನೈದು ದಿನ ಇಪ್ಪತ್ತೈದಾಯಿತು. ಅಂಗಡಿಯವನಿಗೆ ಫೋನು ಮಾಡಿದರೆ, "ಬರುತ್ತೆ ಸಾರ್, ಹೆಡ್ ಆಫೀಸಿಂದ ಬರ್ಬೇಕು" ಎನ್ನುತ್ತಿದ್ದ. ಮೇ ಎರಡನೇ ವಾರ ಶಿಫ್ಟ್ ಬದಲಾಯಿಸಿಕೊಂಡು ಮುಳಬಾಗಿಲಿಗೆ ಬಸ್ಸಿನಲ್ಲಿ ಹೋದೆ. ಬಿಳಿ ಕಾರು ಅಲ್ಲೇ ಇತ್ತು, ಮೇಲೆ ಧೂಳು ಕೂತಿತ್ತು. ಅವನು ಈ ಸಲ ಕುರ್ಚಿ ತರಿಸಲಿಲ್ಲ.

"ಒಂದು ಎಡವಟ್ಟಾಗಿದೆ ಸಾರ್. ಇಪ್ಪತ್ತು ಸಾವಿರ ಕಟ್ಟಾಯ್ತು. ಈಗ ಫೈನಾನ್ಸ್‌ನೋರು ಇದೇ ಗಾಡಿ ಮೇಲೆ ಇನ್ನೊಂದು ಸಾಲ ಐತೆ ಅಂತಾವ್ರೆ. ಒಂದು ಲಕ್ಷದ ಮೇಲೈತೆ. ಗಾಡಿ ಓನರ್ ತೀರ್ಕೊಂಡವ್ರೆ. ಗಾಡಿ ಬಿಟ್ಟಿರೋದು ಅವ್ರ ಹೆಂಡ್ತಿ, ಆಯಮ್ಮಂಗೆ ಈ ವಿಷ್ಯ ಗೊತ್ತೇ ಇಲ್ಲ."

"ಹಾಗಾದ್ರೆ ನಮ್ಮ ದುಡ್ಡು ಕೊಟ್ಟುಬಿಡಿ. ಶಾಲೆ ಶುರುವಾಗೋಕೆ ಎರಡು ವಾರ ಇದೆ, ನಾನು ಬೇರೆ ಗಾಡಿ ನೋಡ್ಕೋತೀನಿ."

"ಕೊಡೋದೇನು ಸಾರ್, ಇಪ್ಪತ್ತು ಸಾವಿರ ಆಯಮ್ಮನ ಲೆಕ್ಕಕ್ಕೆ ಹೋಯ್ತು. ಮಿಕ್ಕಿದ್ದು ನನ್ನ ಕಮಿಷನ್ನು, ಗಾಡಿ ರಿಪೇರಿ. ನಿಮ್ಗೋಸ್ಕರಾನೇ ಟೈರು ಹಾಕ್ಸಿದೀನಿ, ನೋಡಿ ಬೇಕಾದ್ರೆ. ಸ್ವಲ್ಪ ತಡ್ಕೊಳ್ಳಿ. ಈಗ ನೀವು ಬೇಡ ಅಂದ್ರೆ ಅದು ನಿಮ್ಮ ಕಡೆಯಿಂದ ಕ್ಯಾನ್ಸಲ್ ಅಂತ ಆಗುತ್ತೆ."

ನಾನು ಜಗಳಗಂಟನಲ್ಲ. ಆದರೂ ಅಂದು ಜೋರಾಗಿ ಕೂಗಾಡಿದೆ. ಗುಲಾಬಿ ಚೀಟಿಯನ್ನು ಮೇಜಿನ ಮೇಲೆ ಬಡಿದೆ. ಅವನು ಚೀಟಿಯನ್ನು ನನ್ನ ಕಡೆಗೇ ತಿರುಗಿಸಿ, ಆ ಸಣ್ಣ ಅಕ್ಷರದ ಸಾಲಿನ ಮೇಲೆ ಬೆರಳಿಟ್ಟ. ಅಷ್ಟರಲ್ಲಿ ಅವನಿಗೆ ಫೋನು ಬಂತು. "ರೇಪು ರಂಡನ್ನಾ, ರೇಪು" ಎಂದು ಯಾರಿಗೋ ನಾಳೆ ಬರಲು ಹೇಳುತ್ತಾ ಎದ್ದು ಹೋದ. ನನ್ನ ಹಾಗೆ ಎಷ್ಟು ಜನಕ್ಕೆ ನಾಳೆ ಹೇಳುತ್ತಿದ್ದಾನೋ ಅನ್ನಿಸಿತು.

ಮನೆಗೆ ಬಂದರೆ ಅವಳು ಬಾಗಿಲಲ್ಲೇ ಇದ್ದಳು. "ಪೇಪರ್ ಬಂತಾ?"

"ಬಂದೇಬಿಡುತ್ತೆ. ಮುಂದಿನ ವಾರ" ಎಂದೆ.

ಅದು ಮೊದಲನೇ ಸುಳ್ಳು. ಅವಳು ನನ್ನ ಮುಖ ನೋಡದೆ, ಬರೆಯುತ್ತಿದ್ದ ಪಟ ಒಣಗಿದೆಯೇ ಎಂದು ನೋಡಲು ಒಳಗೆ ಹೋದಳು. ಮುಖ ನೋಡಿದ್ದರೆ ಬಹುಶಃ ಅಂದೇ ಹೇಳಿಬಿಡುತ್ತಿದ್ದೆ. ಆಮೇಲೆ ಒಂದು ಸುಳ್ಳಿಗೆ ಇನ್ನೊಂದು ಸೇರುತ್ತಾ ಹೋಯಿತು. ಸರ್ವರ್ ಸರಿಯಿಲ್ಲ, ಆರ್‌ಟಿಒದಲ್ಲಿ ಸಾಹೇಬರು ರಜೆ. ಸೊಸೈಟಿಯವರನ್ನು ಕೇಳಿದೆ. ಸಾಲ ಮಂಜೂರಾಗಿರುವುದು ಆ ಗಾಡಿಯ ನಂಬರಿನ ಮೇಲೆ, ಬೇರೆ ಗಾಡಿಗೆ ಬೇರೆ ಅರ್ಜಿ, ಮತ್ತೆ ನಮ್ಮ ಪಾಲು ಕಟ್ಟಿದ ರಸೀದಿ ಬೇಕು ಎಂದರು. ನಮ್ಮ ಪಾಲು ಮುಳಬಾಗಿಲಿನಲ್ಲಿ ಹೋಗಿ ಕೂತಿತ್ತು.

ಶಾಲೆ ಶುರುವಾದ ದಿನ ಬಾಡಿಗೆ ಕಾರು ಮಾಡಿದೆ. ವಯಸ್ಸಾದ ಡ್ರೈವರು ಆಗಲೇ ಕೆಲಸ ಬಿಟ್ಟು ಮಗನ ಊರಿಗೆ ಹೋಗಿದ್ದ. ಬಂದವನು ಬೇರೆಯವನು. ಅವಳು ಹೋಗಿ ಜಾಯಿನ್ ಆದಳು. ಮಕ್ಕಳು ಗೇಟಿನ ಹತ್ತಿರವೇ ಸುತ್ತಿಕೊಂಡರಂತೆ, ಒಬ್ಬಳು ಊರುಗೋಲು ಹಿಡಿದುಕೊಂಡು ತಾನೇ ಮುಂದೆ ಮುಂದೆ ನಡೆದಳಂತೆ. ಸಂಜೆ ಇದನ್ನೆಲ್ಲ ಹೇಳುವಾಗ ಅವಳ ಕೆನ್ನೆ ಕೆಂಪಾಗಿತ್ತು. ದಿನಕ್ಕೆ ಸಾವಿರದ ಇನ್ನೂರು ರೂಪಾಯಿ ಬಾಡಿಗೆ. ಎಷ್ಟು ದಿನ ಆಗುತ್ತದೆ ಎಂದು ನಾನು ಯೋಚಿಸದೇ ಇರಲು ನೋಡಿದೆ.

ನಾಲ್ಕನೇ ದಿನ, ಹುತ್ತೂರಿನ ಹತ್ತಿರ ನಾಯಿ ಅಡ್ಡ ಬಂತೆಂದು ಆ ಡ್ರೈವರು ಜೋರಾಗಿ ಬ್ರೇಕು ಹಾಕಿದ. ಅವಳ ಹಣೆ ಮುಂದಿನ ಸೀಟಿಗೆ ಬಡಿಯಿತು. ಅಂಥ ಗಾಯವೇನಲ್ಲ. ಐದನೇ ದಿನ ಅವಳು ಸೀರೆ ಉಟ್ಟು, ತಲೆ ಬಾಚಿ, ಡಬ್ಬಿ ಕಟ್ಟಿಕೊಂಡು ಗೇಟಿನವರೆಗೆ ಬಂದು ನಿಂತಳು. ಕಾರಿನ ಬಾಗಿಲು ತೆಗೆದಿದ್ದೆ. ಹತ್ತಲಿಲ್ಲ.

"ಆಗ್ತಾ ಇಲ್ಲ ಕಣ್ರೀ. ನೀವು ಓಡ್ಸೋದಾದ್ರೆ ಹತ್ತುತ್ತೀನಿ. ನಮ್ಮ ಕಾರು ಬಂದ ಮೇಲೆ ಹೋಗ್ತೀನಿ."

ಬೀಳಿಸಿದವನ ಮೇಲೆಯೇ ಅವಳಿಗೆ ಅಷ್ಟು ನಂಬಿಕೆ. ನಾನು ಬಾಡಿಗೆಯವನನ್ನು ಕಳಿಸಿ, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ. ಆ ವಾರ ಸಹೋದ್ಯೋಗಿಯೊಬ್ಬರ ಕಾರು ಕೇಳಿ ಎರಡು ದಿನ ನಾನೇ ಬಿಟ್ಟು ಬಂದೆ. ದಿನಾ ಯಾರು ಕಾರು ಕೊಡುತ್ತಾರೆ? ಮೂರನೇ ದಿನ ಕೇಳಲು ಬಾಯಿ ಬರಲಿಲ್ಲ, ಅವರೂ ಆ ವಿಷಯ ಎತ್ತಲಿಲ್ಲ. ಅವಳು ವೈದ್ಯರ ಚೀಟಿ ಕೊಟ್ಟು, ಸಂಬಳವಿಲ್ಲದ ರಜೆಗೆ ಬರೆದಳು.

ಆ ಶನಿವಾರ ನಾನು ಶ್ರೀನಿವಾಸಪುರಕ್ಕೆ ಹೋದೆ. ಅಂಗಡಿಯವನಿಂದ ಕಾರಿನ ಯಜಮಾನರ ವಿಳಾಸ ಹೇಗೋ ಕಿತ್ತುಕೊಂಡಿದ್ದೆ. ದಾರಿಯುದ್ದಕ್ಕೂ ಮಾವಿನ ಹಣ್ಣಿನ ಗಾಡಿಗಳು. ಬಸ್ಸಿನಲ್ಲಿ ಕೂತು, ಆ ಹೆಂಗಸಿಗೆ ಏನೇನು ಅನ್ನಬೇಕೆಂದು ಮಾತು ಜೋಡಿಸಿಕೊಳ್ಳುತ್ತಾ ಹೋದೆ. ಗಂಡನ ಸಾಲ ಮುಚ್ಚಿಟ್ಟು ಊರವರ ದುಡ್ಡು ತಿಂದವಳು ಎಂಬ ಮಾತೂ ಅದರಲ್ಲಿ ಇತ್ತು.

ಮಾವಿನ ಮಂಡಿಗಳ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ. ಬಾಗಿಲು ತೆಗೆದದ್ದು ಮೂವತ್ತೈದು ವರ್ಷದ ಹೆಂಗಸು, ಕೈಯಲ್ಲಿ ಅಳತೆಯ ಟೇಪು, ಒಳಗೆ ಹೊಲಿಗೆ ಯಂತ್ರ. ನಾನು ಯಾರೆಂದು ಹೇಳಿದ ಕೂಡಲೇ ಆಕೆಯ ಮುಖ ಬಿಳಿಚಿತು.

"ಬಿಳೀ ಕಾರಿನ ಅಣ್ಣನಾ? ಬನ್ನಿ, ಕೂತ್ಕೊಳ್ಳಿ. ನೀವು ಬರ್ತೀರ ಅಂತ ಗೊತ್ತಿತ್ತು."

ಜೋಡಿಸಿಕೊಂಡು ಹೋಗಿದ್ದ ಮಾತು ಯಾವುದೂ ಬಾಯಿಗೆ ಬರಲಿಲ್ಲ. ಆಕೆಯ ಗಂಡ ಮಂಡಿಯಲ್ಲಿ ಕಮಿಷನ್ ವ್ಯಾಪಾರ ಮಾಡುತ್ತಿದ್ದವನು, ಎದೆನೋವೆಂದು ಕೂತವನು ಎದ್ದಿರಲಿಲ್ಲ. ಕಾರಿನ ಮೇಲೆ ಎರಡನೇ ಸಲ ಸಾಲ ತೆಗೆದದ್ದನ್ನು ಅವನು ಹೆಂಡತಿಗೆ ಹೇಳಿರಲಿಲ್ಲ. ಕಾರು ಮಾರಿ ಬಂದದ್ದರಲ್ಲಿ ಬದುಕು ನೋಡಿಕೊಳ್ಳೋಣ ಎಂದು ಆಕೆ ಲೆಕ್ಕ ಹಾಕಿದ್ದಳು.

"ಕೈಗೆ ಒಂದು ರೂಪಾಯಿ ಬಂದಿಲ್ಲಣ್ಣಾ, ದೇವ್ರಾಣೆ. ಇಪ್ಪತ್ತು ಸಾವಿರ ಫೈನಾನ್ಸ್‌ಗೆ ಕಟ್ಟಿಬಿಟ್ರು. ಕಟ್ಟಿದ ಮೇಲೆ ಅವ್ರು ಇನ್ನೊಂದು ಕಾಗ್ದ ತೆಗೆದು ತೋರ್ಸಿದ್ರು. ಸೈನ್ ನೋಡ್ದೆ. ಇವ್ರದ್ದೇ." ಯಂತ್ರದ ಮೇಲಿದ್ದ ಬಟ್ಟೆಯನ್ನು ಮಡಚಿಡುತ್ತಾ ಹೇಳಿದಳು, "ಹನ್ನೆರಡು ವರ್ಷ ಜೊತೆಗಿದ್ದೆ. ಏನೂ ಹೇಳಿರ್ಲಿಲ್ಲ ನೋಡಿ. ನಾನೇನು ಬೈತಿದ್ನಾ?"

ನಾನು ತಲೆ ತಗ್ಗಿಸಿದೆ. ಆ ಗಂಡ ಯಾಕೆ ಹೇಳಿರಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಕಾರು ಯಾಕೆ ಬೇಕಾಗಿತ್ತು ಎಂದು ಆಕೆ ಕೇಳಿದಳು. ಹೇಳಿದೆ. ಆಕೆ ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೇಳಿಸಿಕೊಂಡಳು. ನಾನು ಎದ್ದಾಗ, "ನಿಮ್ಮ ನಂಬರ್ ಕೊಟ್ಟು ಹೋಗಿ ಅಣ್ಣಾ. ಇಪ್ಪತ್ತು ಸಾವಿರ ನನ್ನ ಕಡೆದು. ತಿಂಗ್ಳಿಗೆ ಎರಡೆರಡು ಸಾವಿರ ಹಾಕ್ತೀನಿ" ಎಂದಳು. ಬೇಡ ಎನ್ನಬೇಕಿತ್ತು. ಅನ್ನಲಿಲ್ಲ. ನಂಬರು ಬರೆದುಕೊಟ್ಟೆ.

ಮುಳಬಾಗಿಲಿಗೆ ಮತ್ತೆ ಎಷ್ಟು ಸಲ ಹೋದೆನೋ. ಠಾಣೆಗೂ ಅರ್ಜಿ ಕೊಟ್ಟೆ. ಅಲ್ಲಿದ್ದವರು ರಸೀದಿ ತಿರುಗಿಸಿ ನೋಡಿ, "ಇದು ಸಿವಿಲ್ ಮ್ಯಾಟರ್ ಯಜಮಾನ್ರೇ, ಗ್ರಾಹಕರ ಕೋರ್ಟಿಗೆ ಹೋಗಿ" ಎಂದರು. ಅಂಗಡಿಯವನನ್ನು ಕರೆಸಿ ಮಾತ್ರ ಎರಡು ಮಾತು ಹೇಳಿದರು. ಜುಲೈನಲ್ಲಿ ಒಮ್ಮೆ ಹೋದಾಗ ಬಿಳಿ ಕಾರು ನಿಂತಿದ್ದ ಜಾಗ ಖಾಲಿಯಿತ್ತು, ನೆಲದಲ್ಲಿ ಆಯಿಲ್ ಕಲೆ ಇತ್ತು. ಫೈನಾನ್ಸಿನವರು ಬಂದು ಎಳೆದುಕೊಂಡು ಹೋಗಿದ್ದರು. ಅಂಗಡಿಯವನು ಡ್ರಾಯರಿನಿಂದ ಹನ್ನೆರಡು ಸಾವಿರ ತೆಗೆದು ಎಣಿಸಿ ಕೊಟ್ಟ. ಕೊಡುವಾಗ ಅವನಿಗೂ ನಾಚಿಕೆಯಾದಂತಿತ್ತು.

"ಹೊಸಾ ಟೈರೂ ಹೋಯ್ತು ಸಾರ್ ಗಾಡಿ ಜೊತೆ. ಇಷ್ಟೇ ನನ್ನ ಕೈಲಾಗೋದು. ಇನ್ನು ಕೇಳ್ಬೇಡಿ."

ಕೋರ್ಟಿಗೆ ಹೋಗುವ ಶಕ್ತಿ ನನಗಿರಲಿಲ್ಲ. ಪೂರ್ತಿ ಮುಟ್ಟಿತು ಎಂದು ಅವನು ಬರೆಸಿಕೊಂಡ ಕಾಗದಕ್ಕೆ ಸಹಿ ಹಾಕಿ ಬಂದೆ.

ಇಷ್ಟಾದರೂ ಮನೆಯಲ್ಲಿ ನಾನು ಹೇಳಿರಲಿಲ್ಲ. ಮುಂದಿನ ವಾರ ಎನ್ನುತ್ತಲೇ ಇದ್ದೆ. ಅವಳು ಕೇಳುವುದನ್ನು ಕಡಿಮೆ ಮಾಡಿದ್ದಳು, ಎಂಟೂವರೆಗೆ ಗೇಟಿನವರೆಗೆ ನಡೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ. ಆಗಸ್ಟಿನ ಮೊದಲ ವಾರ ನಾನು ಸ್ನಾನ ಮಾಡುತ್ತಿದ್ದಾಗ ನನ್ನ ಫೋನು ಬಡಿದುಕೊಂಡಿತು. ಅವಳು ತೆಗೆದಳು. ಹೊರಗೆ ಬಂದಾಗ ಅವಳು ಊಟದ ಮೇಜಿನ ಹತ್ತಿರ ಕೂತು ಯಾರ ಮಾತನ್ನೋ ಕೇಳಿಸಿಕೊಳ್ಳುತ್ತಿದ್ದಳು. "ಆಯ್ತಮ್ಮಾ... ಹೇಳ್ತೀನಿ... ನೀನು ಊಟ ಮಾಡ್ದ್ಯಾ?" ಎಂದು ಫೋನು ಕೆಳಗಿಟ್ಟಳು.

"ಶ್ರೀನಿವಾಸಪುರದವಳು. ಎರಡು ಸಾವಿರ ಹಾಕಿದೀನಿ ಅಂದ್ಲು. ಕಾರು ಸಿಗದೇ ಹೋಗಿದ್ದಕ್ಕೆ ಅಕ್ಕಾ ಬೇಜಾರು ಮಾಡ್ಕೋಬೇಡಿ ಅಂದ್ಲು."

ನನ್ನ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಎರಡೂ ಇಲ್ಲ.

"ಮೇ ತಿಂಗಳಲ್ಲೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ದಿನಾ ಗೇಟ್ ಹತ್ರ ನಾನು ಹೋಗಿ ನಿಂತ್ಕೊಳ್ಳೋದನ್ನ ನೋಡ್ತಾ ಇದ್ರಲ್ಲ."

ಅವಳು ಒದ್ದೆ ನೆಲವನ್ನು ತೋರಿಸಿ, "ಮೈ ಒರೆಸ್ಕೊಳ್ಳಿ, ಜಾರಿ ಬಿದ್ದೀರ" ಎಂದಳು.

ಮರುದಿನ ಎಂಟೂವರೆಗೆ ಅವಳು ಗೇಟಿಗೆ ಹೋಗಲಿಲ್ಲ. ಒಂದು ವಾರ ಕಳೆದ ಮೇಲೆ ಸ್ವಯಂ ನಿವೃತ್ತಿಯ ಅರ್ಜಿಯನ್ನು ತನ್ನ ದುಂಡಗಿನ ಅಕ್ಷರದಲ್ಲಿ, ಬೋರ್ಡಿನ ಮೇಲೆ ಬರೆದ ಹಾಗೆ ಬರೆದಳು. ನಾನು ಬೇಡವೆಂದು ಹೇಳಿದೆ. ಇನ್ನಾರು ತಿಂಗಳು ತಡಿ, ಹೇಗಾದರೂ ದುಡ್ಡು ಹೊಂದಿಸುತ್ತೇನೆ, ಬೇರೆ ಕಾರು ತರುತ್ತೇನೆ ಎಂದೆ. ಅವಳು ಪೆನ್ನಿನ ಮುಚ್ಚಳ ಹಾಕಿ, "ಕಾರು ತಂದ್ರೂ ಹತ್ತೋಕೆ ಆಗಲ್ಲ ಕಣ್ರೀ. ಅವತ್ತು ಆಗಿತ್ತು. ಈಗ ಆಗಲ್ಲ" ಎಂದಳು. ಅರ್ಜಿಯನ್ನು ಕಚೇರಿಗೆ ಕೊಟ್ಟು ಬಂದವನು ನಾನು. ಅಧಿಕಾರಿ ಅದನ್ನು ಎರಡು ಸಲ ಓದಿ, "ಒಳ್ಳೆ ಟೀಚರ್ ಸಾರ್" ಎಂದಷ್ಟೇ ಹೇಳಿದರು.

ಶ್ರೀನಿವಾಸಪುರದಾಕೆ ಪ್ರತಿ ತಿಂಗಳು ಐದನೇ ತಾರೀಖಿನ ಸುಮಾರಿಗೆ ದುಡ್ಡು ಹಾಕಿ ಫೋನು ಮಾಡುತ್ತಿದ್ದಳು. ಎರಡನೇ ತಿಂಗಳಿಂದ ಆಕೆ ನನ್ನನ್ನು ಕೇಳುವುದನ್ನು ಬಿಟ್ಟು, "ಅಕ್ಕಾ ಇದಾರಾ?" ಎನ್ನತೊಡಗಿದಳು. ನಾನು ಫೋನು ಒಳಗೆ ಕೊಟ್ಟು ಜಗುಲಿಯಲ್ಲಿ ಕೂರುತ್ತಿದ್ದೆ. ರವಿಕೆಯ ಅಳತೆ, ಕಾಲಿನ ನೋವಿಗೆ ಯಾವುದೋ ಎಣ್ಣೆ, ಸತ್ತ ಗಂಡನ ಮಾತು, ಶಾಲೆಯ ಮಾತು. ಹೊರಗಿನವರಲ್ಲಿ ಅವಳು ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಆಕೆಯೊಬ್ಬಳ ಹತ್ತಿರ. ಒಮ್ಮೆ ಒಳಗಿನಿಂದ ನಗುವೂ ಕೇಳಿಸಿತು. ನಾನು ಹತ್ತಿರ ಹೋದರೆ ನಿಂತುಹೋಗಬಹುದೆಂದು ಜಗುಲಿಯಿಂದ ಅಲುಗಲಿಲ್ಲ.

ಒಮ್ಮೆ ನಾನೇ ಆಕೆಗೆ ಫೋನು ಮಾಡಿ, ಇನ್ನು ಹಾಕಬೇಡಮ್ಮಾ, ಸಾಕು ಎಂದೆ. "ಹಂಗನ್ಬೇಡಿ ಅಣ್ಣಾ. ಅವ್ರ ಹೆಸರಲ್ಲಿ ಇದೊಂದಾದ್ರೂ ತೀರ್ಲಿ" ಎಂದಳು. ಮತ್ತೆ ಒತ್ತಾಯ ಮಾಡಲಿಲ್ಲ. ದುಡ್ಡು ಬೇಕಾಗಿತ್ತು ಎನ್ನುವುದೂ ನಿಜ. ನನ್ನ ಹೆಂಡತಿಯ ಸಂಬಳ ನಿಂತಿತ್ತು, ಪಿಂಚಣಿಯ ಕಾಗದ ಇನ್ನೂ ಮೇಜಿನಿಂದ ಮೇಜಿಗೆ ಓಡಾಡುತ್ತಿತ್ತು.

ಹತ್ತನೇ ಕಂತು ಮೇ ತಿಂಗಳಲ್ಲಿ ಬಂತು. ಅಂದು ಇಬ್ಬರೂ ಬಹಳ ಹೊತ್ತು ಮಾತಾಡಿದರು. ಕೊನೆಗೆ ನನ್ನ ಹೆಂಡತಿ, "ಒಂದ್ಸಲ ಬಾರಮ್ಮ ಕೋಲಾರಕ್ಕೆ" ಎಂದದ್ದು ಕೇಳಿಸಿತು. ಆ ಕಡೆಯಿಂದ ಏನು ಉತ್ತರ ಬಂತೋ ತಿಳಿಯದು.

ಜೂನ್ ಐದನೇ ತಾರೀಖು ಅವಳು ನನ್ನ ಫೋನನ್ನು ಚಾರ್ಜಿಗೆ ಹಾಕಿ, ತಾನು ಕೂತಿದ್ದ ಮಂಚದ ಪಕ್ಕದಲ್ಲೇ ಇಟ್ಟುಕೊಂಡಳು. ಕರೆ ಬರಲಿಲ್ಲ. ಆರನೇ ತಾರೀಖೂ ಬರಲಿಲ್ಲ. ಕೊಡುವುದು ಮುಗಿದ ಮೇಲೆ ಯಾವ ಮುಖ ಇಟ್ಟುಕೊಂಡು ಫೋನು ಮಾಡುವುದು ಎಂದು ಆಕೆಗೆ ಅನ್ನಿಸಿರಬಹುದು, ಅಥವಾ ಹೊಲಿಗೆಯ ಕೆಲಸ ಹೆಚ್ಚಾಗಿರಬಹುದು. ನೀನೇ ಮಾಡು ಎಂದು ನಾನು ನಂಬರು ಒತ್ತಿ ಕೊಟ್ಟೆ. ಅವಳು ರಿಂಗಾಗುವುದಕ್ಕೆ ಮುಂಚೆಯೇ ಕತ್ತರಿಸಿ, "ದುಡ್ಡಿಗೆ ಮಾಡಿದೀವಿ ಅಂದ್ಕೊಂಡ್ರೆ?" ಎಂದಳು.

ಏಳನೇ ತಾರೀಖು ನನಗೆ ಮೊದಲ ಶಿಫ್ಟ್ ಇತ್ತು. ಹೊರಡುವಾಗ ಫೋನು ಮಂಚದ ಪಕ್ಕದಿಂದ ನನ್ನ ಚೀಲದ ಮೇಲೆ ಬಂದಿತ್ತು. ಅವಳು ಗೋಡೆಯ ಕಡೆಗೆ ತಿರುಗಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ ಎಂದು ಅವಳ ಉಸಿರಿನಿಂದಲೇ ತಿಳಿಯುತ್ತಿತ್ತು. "ಬರ್ತೀನಿ" ಎಂದೆ. "ಹೂಂ" ಎಂದಳು. ಬಾಗಿಲು ಮುಂದಕ್ಕೆ ಎಳೆದುಕೊಂಡು ಕಾರ್ಖಾನೆಯ ಬಸ್ಸು ನಿಲ್ಲುವ ಕಡೆಗೆ ನಡೆದೆ.